ನಾಯಿಯ ಮಾತಿಗೆ ಬರೆದ ಅಕ್ಷರ: ಕಾಮಿಕ್ ಸಾನ್ಸ್ ಪ್ರಕರಣ

ಮನೆಗೆ ಮೊದಲ ಸಲ ಕಂಪ್ಯೂಟರ್ ತಂದವರಿಗಾಗಿ ಮೈಕ್ರೋಸಾಫ್ಟ್ ಕಂಪನಿ 1990ರ ದಶಕದ ನಡುವೆ ಒಂದು ಸಾಫ್ಟ್‌ವೇರ್ ತಯಾರಿಸುತ್ತಿತ್ತು. ಅದರ ಹೆಸರು ಬಾಬ್. ಪರದೆಯ ಮೇಲೆ ಒಂದು ಕೋಣೆಯ ಚಿತ್ರ ಬರುತ್ತಿತ್ತು. ಗೋಡೆಯ ಕ್ಯಾಲೆಂಡರ್ ಮುಟ್ಟಿದರೆ ದಿನಚರಿ ತೆರೆದುಕೊಳ್ಳುತ್ತಿತ್ತು, ಮೇಜಿನ ಮೇಲಿನ ಪೆನ್ನು ಮುಟ್ಟಿದರೆ ಪತ್ರ ಬರೆಯಬಹುದಿತ್ತು. ದಾರಿ ತೋರಿಸಲು ರೋವರ್ ಎಂಬ ಕಾರ್ಟೂನ್ ನಾಯಿ. ಅದು ಮಾತಾಡಿದಾಗಲೆಲ್ಲ ಪಕ್ಕದಲ್ಲಿ ಕಾಮಿಕ್ ಪುಸ್ತಕಗಳಲ್ಲಿರುವಂಥದೇ ಮಾತಿನ ಗುಳ್ಳೆ ಏಳುತ್ತಿತ್ತು. ಆದರೆ ಗುಳ್ಳೆಯೊಳಗಿನ ಅಕ್ಷರ (ಫಾಂಟ್) ಮಾತ್ರ ಟೈಮ್ಸ್ ನ್ಯೂ ರೋಮನ್.

1994ರಲ್ಲಿ ಇದರ ಪರೀಕ್ಷಾ ಪ್ರತಿ ನೋಡಿದ ವಿನ್ಸೆಂಟ್ ಕನೇರ್ ಅವರಿಗೆ ಅದು ಸರಿ ಕಾಣಲಿಲ್ಲ. ಅವರು ಆ ಕಂಪನಿಯ ಅಕ್ಷರ ವಿಭಾಗದಲ್ಲೇ ಇದ್ದವರು. ಟೈಮ್ಸ್ ನ್ಯೂ ರೋಮನ್ ಲಂಡನ್ನಿನ ದಿನಪತ್ರಿಕೆಯೊಂದಕ್ಕೆ 1932ರಲ್ಲಿ ಬಂದ ಅಕ್ಷರ. ತುದಿಗಳಲ್ಲಿ ಚೂಪು ಚಾಚು, ದಪ್ಪ ತೆಳುವಿನ ಲೆಕ್ಕಾಚಾರ, ಸಂಪಾದಕೀಯದ ಗತ್ತು. ನಾಯಿಯ ಬಾಯಲ್ಲಿ ಅದನ್ನು ಹಾಕಿದರೆ ಹೈಕೋರ್ಟ್ ತೀರ್ಪು ಓದಿದ ಹಾಗಿರುತ್ತದೆ. ಕನೇರ್ ತಮ್ಮ ಕಚೇರಿಯಲ್ಲಿದ್ದ ಕಾಮಿಕ್ ಪುಸ್ತಕಗಳನ್ನು ತೆಗೆದರು. ವಾಚ್‌ಮೆನ್ ಮತ್ತು ಬ್ಯಾಟ್‌ಮನ್ ಸರಣಿಯ ಡಾರ್ಕ್ ನೈಟ್ ರಿಟರ್ನ್ಸ್. ವಾಚ್‌ಮೆನ್‌ನ ಅಕ್ಷರ ಬರೆದವರು ಅದರ ಚಿತ್ರಕಾರ ಡೇವ್ ಗಿಬ್ಬನ್ಸ್, ಡಾರ್ಕ್ ನೈಟ್‌ನದು ಜಾನ್ ಕೊಸ್ಟಾಂಜಾ. ಎರಡೂ ಕೈಬರಹ. ಆ ಪುಟಗಳ ಅಕ್ಷರಗಳನ್ನು ಅಚ್ಚಿಳಿಸದೆ, ಆಕಾರಗಳನ್ನು ಕಣ್ಣಲ್ಲಿಟ್ಟುಕೊಂಡು, ಫಾಂಟೋಗ್ರಾಫರ್ ಎಂಬ ತಂತ್ರಾಂಶದಲ್ಲಿ ಮೌಸ್ ಹಿಡಿದು ನೇರವಾಗಿ ಪರದೆಯ ಮೇಲೇ ಬರೆದರು. ಅದೇ ಕಾಮಿಕ್ ಸಾನ್ಸ್.

ಕೆಲಸ ಮುಗಿಯಿತು, ಆದರೆ ನಾಯಿಗೆ ಅಕ್ಷರ ಸಿಗಲಿಲ್ಲ. ಬಾಬ್‌ನ ಗುಳ್ಳೆಗಳನ್ನು ಟೈಮ್ಸ್‌ನ ಅಳತೆಗೆ ಕತ್ತರಿಸಿಟ್ಟಾಗಿತ್ತು. ಹೊಸ ಅಕ್ಷರ ಅದಕ್ಕಿಂತ ಅಗಲ, ಅದನ್ನು ಹಾಕಿದರೆ ಸಾಲುಗಳು ಗುಳ್ಳೆಯ ಹೊರಗೆ ಹೋಗುತ್ತಿದ್ದವು. ಹೊತ್ತು ಮೀರಿತ್ತು. 1995ರ ಮಾರ್ಚಿನಲ್ಲಿ ಬಾಬ್ ಟೈಮ್ಸ್ ಅಕ್ಷರದಲ್ಲೇ ಮಾರುಕಟ್ಟೆಗೆ ಬಂತು, ಮರುವರ್ಷ ನಿಂತೂ ಹೋಯಿತು. (ರೋವರ್ ಮಾತ್ರ ಗಟ್ಟಿ ಜೀವ. ವಿಂಡೋಸ್ ಎಕ್ಸ್‌ಪಿಯ ಹುಡುಕುವ ಕಿಟಕಿಯಲ್ಲಿ ಬಾಲ ಅಲ್ಲಾಡಿಸುತ್ತ ಮತ್ತೆ ಬಂದ.)

ಪ್ರಕರಣ ಇಲ್ಲಿಗೇ ಮುಗಿದಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಮಕ್ಕಳು ತಾವೇ ಕಾರ್ಟೂನ್ ಸಿನಿಮಾ ಮಾಡುವ ತ್ರೀಡಿ ಮೂವಿ ಮೇಕರ್ ತಂತ್ರಾಂಶ ಈ ಅಕ್ಷರವನ್ನು ಬಳಸಿತು. ಅಲ್ಲಿ ಅದು ಚೆನ್ನಾಗಿ ಕೂತಿತು. ಆಮೇಲೆ ವಿಂಡೋಸ್ 95ರ ಜೊತೆಗೆ ಮಾರುತ್ತಿದ್ದ ಪ್ಲಸ್ ಪ್ಯಾಕಿಗೆ ಸೇರಿತು, ಅಲ್ಲಿಂದ ವಿಂಡೋಸ್‌ಗೇ ಸೇರಿತು. 1996ರಲ್ಲಿ ಅಂತರ್ಜಾಲಕ್ಕೆಂದು ಕಂಪನಿ ಪುಕ್ಕಟೆಯಾಗಿ ಬಿಟ್ಟ ಅಕ್ಷರಗಳ ಗುಂಪಿನಲ್ಲಿ ಏರಿಯಲ್, ಜಾರ್ಜಿಯಾ, ವರ್ಡಾನಾ ಜೊತೆಗೆ ಇದೂ ಇತ್ತು. ಕೆಲವೇ ವರ್ಷಗಳಲ್ಲಿ ಜಗತ್ತಿನ ಬಹುಪಾಲು ಕಂಪ್ಯೂಟರ್‌ಗಳ ಫಾಂಟ್ ಪಟ್ಟಿಯಲ್ಲಿ ಈ ಹೆಸರು ಬಂದು ಕೂತಿತು.

ಆ ಪಟ್ಟಿಯನ್ನು ಅಂದಿನ ಬಳಕೆದಾರನ ಕಣ್ಣಿನಿಂದ ನೋಡಬೇಕು. ಏರಿಯಲ್, ಕೂರಿಯರ್, ಟೈಮ್ಸ್. ಮೂರೂ ಕಚೇರಿಯ ಮುಖಗಳು. ಮಗಳ ಹುಟ್ಟುಹಬ್ಬಕ್ಕೆ ಕರೆಯೋಲೆ ಬರೆಯಬೇಕು, ಅಂಗಡಿಯ ಬಾಗಿಲಿಗೆ ‘ಊಟಕ್ಕೆ ಹೋಗಿದ್ದೇವೆ’ ಅಂತ ಅಂಟಿಸಬೇಕು ಅಂದರೆ ನಗುಮುಖದ್ದು ಒಂದೇ ಒಂದು. ಬೇರೆ ಆಯ್ಕೆ ಇರಲಿಲ್ಲ. ಕಾಮಿಕ್ ಸಾನ್ಸ್ ಎಲ್ಲೆಲ್ಲೂ ಹಬ್ಬಿತು ಅಂತ ಬೈಯುವವರು ಈ ಖಾಲಿ ಪಟ್ಟಿಯನ್ನು ಮರೆಯುತ್ತಾರೆ.

ಈಗ ಅಕ್ಷರವನ್ನೇ ಹತ್ತಿರದಿಂದ ನೋಡೋಣ. ಅದರ ಮೇಲಿನ ಆಕ್ಷೇಪಗಳಲ್ಲಿ ಅರ್ಧ ರುಚಿಯ ಜಗಳ, ಇನ್ನರ್ಧ ನಿಜವಾದ ಕಸುಬಿನ ಮಾತು.

ಕಾಮಿಕ್ ಸಾನ್ಸ್‌ನ ಗೆರೆ ದುಂಡು ಮೊನೆಯ ಮಾರ್ಕರ್ ಪೆನ್ನಿನದು. ಆರಂಭದಿಂದ ಕೊನೆಯವರೆಗೆ ಒಂದೇ ದಪ್ಪ, ತುದಿ ಗುಂಡಗೆ. ಕಂಬದಂತೆ ನಿಲ್ಲಬೇಕಾದ ಗೆರೆಗಳು ಒಂದಿಷ್ಟು ಓಲುತ್ತವೆ. ಸಣ್ಣ ಎ ಅಕ್ಷರ, ಶಾಲೆಯಲ್ಲಿ ಮಕ್ಕಳಿಗೆ ತಿದ್ದಿಸುವಂತೆ, ಒಂದು ಸೊನ್ನೆ ಮತ್ತು ಒಂದು ಕಡ್ಡಿ; ಪುಸ್ತಕಗಳಲ್ಲಿ ಅಚ್ಚಾಗುವ ಕೊಡೆ ಹಿಡಿದ ರೂಪ ಇಲ್ಲಿ ಇಲ್ಲ. ದೊಡ್ಡ ಐ ಅಕ್ಷರಕ್ಕೆ ಮಾತ್ರ ಮೇಲೂ ಕೆಳಗೂ ಅಡ್ಡಗೆರೆ ಇದೆ, ಹಾಗಾಗಿ ಅದನ್ನು ಒಂದರ ಅಂಕಿಯೆಂದೋ ಸಣ್ಣ ಎಲ್ ಎಂದೋ ಓದಿಕೊಳ್ಳುವ ಭಯವಿಲ್ಲ.

ನುರಿತ ಅಕ್ಷರಕಾರ, ಅಕ್ಷರದ ದುಂಡು ಭಾಗ (ಬಟ್ಟಲು) ನೆಟ್ಟಗಿನ ಗೆರೆಗೆ (ಕಂಬಕ್ಕೆ) ಸೇರುವ ಕಡೆ ಗೆರೆಯನ್ನು ಸ್ವಲ್ಪ ಸಣ್ಣಗೆ ಮಾಡುತ್ತಾನೆ. ಎರಡು ಗೆರೆ ಕೂಡುವಲ್ಲಿ ಕಪ್ಪು ಜಾಸ್ತಿಯಾಗುತ್ತದೆ, ತೆಳ್ಳಗೆ ಮಾಡದಿದ್ದರೆ ಅಲ್ಲಿ ಮಸಿ ಚೆಲ್ಲಿದಂತೆ ಕಾಣುತ್ತದೆ. ಕಾಮಿಕ್ ಸಾನ್ಸ್‌ನಲ್ಲಿ ಆ ತಿದ್ದುಪಡಿ ಬಹುಮಟ್ಟಿಗೆ ಇಲ್ಲ. ದೊಡ್ಡದಾಗಿ ಫ್ಲೆಕ್ಸ್ ಮೇಲೆ ಅಚ್ಚು ಹಾಕಿ ನಾಲ್ಕು ಹೆಜ್ಜೆ ಹಿಂದೆ ನಿಂತು, ಕಣ್ಣು ಕಿರಿದು ಮಾಡಿ ನೋಡಿ. ಸಾಲು ಒಂದೇ ಬೂದು ಬಣ್ಣದಲ್ಲಿ ಹರಿಯುವುದಿಲ್ಲ. ಅಲ್ಲಲ್ಲಿ ಗಂಟು, ಅಲ್ಲಲ್ಲಿ ತೂತು.

ಆದರೆ ಇದನ್ನು ಬರೆದದ್ದು ಫ್ಲೆಕ್ಸ್‌ಗಲ್ಲ. ಆಗಿನ ಪರದೆಯಲ್ಲಿ 12 ಪಾಯಿಂಟ್ ಅಕ್ಷರವೆಂದರೆ 16 ಪಿಕ್ಸೆಲ್ ಎತ್ತರದ ಚೌಕ. ಗೆರೆಯ ದಪ್ಪ ಒಂದೇ ಪಿಕ್ಸೆಲ್. ಒಂದು ಪಿಕ್ಸೆಲ್ಲನ್ನು ಮುಕ್ಕಾಲು ಮಾಡಲು ಆಗುವುದಿಲ್ಲ: ಒಂದೋ ಕಪ್ಪು, ಇಲ್ಲವೇ ಬಿಳಿ. ಅಂಥ ಜಾಲರಿಯಲ್ಲಿ ಟೈಮ್ಸ್‌ನ ದಪ್ಪ ತೆಳುವಿನ ನಾಜೂಕು ಹೇಗೂ ಮಾಯವಾಗಿ, ಮೂಳೆ ಮಾತ್ರ ಉಳಿಯುತ್ತಿತ್ತು. ಮೊದಲಿಂದಲೂ ಒಂದೇ ದಪ್ಪದ ಗೆರೆಯ ಕಾಮಿಕ್ ಸಾನ್ಸ್‌ಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಸಣ್ಣ ಗಾತ್ರದಲ್ಲಿ, ಆ ಕಾಲದ ಗಾಜಿನ ಮೇಲೆ, ಅದು ತನ್ನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿತ್ತು. ತಮಾಷೆಯೆಂದರೆ, ಅಕ್ಷರದ ಅಂಚನ್ನು ಬೂದು ಪಿಕ್ಸೆಲ್‌ಗಳಿಂದ ನಯ ಮಾಡುವ ಸೌಲಭ್ಯ ವಿಂಡೋಸ್‌ಗೆ ಬಂದದ್ದೂ ಅದೇ ಪ್ಲಸ್ ಪ್ಯಾಕಿನಲ್ಲಿ. ಕಾಮಿಕ್ ಸಾನ್ಸನ್ನು ಮನೆಮನೆಗೆ ತಂದ ಪೆಟ್ಟಿಗೆಯೇ ಅದರ ಕುಂದುಗಳನ್ನು ಎತ್ತಿ ತೋರಿಸುವ ಕನ್ನಡಿಯನ್ನೂ ತಂದಿತ್ತು.

ಅಂದರೆ ಗೆರೆಯ ದಪ್ಪ ತಿದ್ದಿಲ್ಲ ಅನ್ನುವ ಮೊದಲ ಆರೋಪ ನಿಜ, ಆದರೆ ಅಚ್ಚು ಮತ್ತು ದೊಡ್ಡ ಗಾತ್ರದ ಮಟ್ಟಿಗೆ ಮಾತ್ರ. ಆಸ್ಟ್ರೇಲಿಯಾದ ಕ್ರೇಗ್ ರೊಜಿನ್ಸ್ಕಿ 2014ರಲ್ಲಿ ಕಾಮಿಕ್ ನ್ಯೂ ಎಂಬ ಅಕ್ಷರ ಬಿಟ್ಟರು. ಅದೇ ಸ್ವಭಾವ, ಆದರೆ ಓಲಾಟ ತಿದ್ದಿ, ತೂಕ ಸರಿ ಮಾಡಿದ್ದು. ಅದನ್ನೂ ಇದನ್ನೂ ಅಕ್ಕಪಕ್ಕ ಇಟ್ಟರೆ ನಾನು ಮೇಲೆ ಹೇಳಿದ ಗಂಟುಗಳು ಯಾವುವು ಅಂತ ಕಲಿಯದವರಿಗೂ ಗೊತ್ತಾಗುತ್ತದೆ. ಆದರೂ ಜನ ಹಳೆಯದನ್ನೇ ಬಳಸುತ್ತಾರೆ. ಕುಂದು ತಿದ್ದಿದ ಮೇಲೆ ಅದರ ಬೆಚ್ಚನೆಯ ಗುಣದಲ್ಲೂ ಒಂದು ಚೂರು ಹೋಯಿತು ಅಂತ ನನಗೆ ಅನಿಸುತ್ತದೆ. ಎಲ್ಲವೂ ನೆಟ್ಟಗಿದ್ದರೆ ಕೈಬರಹ ಅಂತ ನಂಬಿಸುವುದು ಕಷ್ಟ.

ಎರಡನೆಯ ಆರೋಪ ಬಳಕೆಯದು. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ವಿನ್ಯಾಸಕ ದಂಪತಿ ಡೇವ್ ಮತ್ತು ಹಾಲಿ ಕೋಂಬ್ಸ್ ಅವರಿಗೆ ಮಕ್ಕಳ ಸಂಗ್ರಹಾಲಯವೊಂದರ ಪ್ರದರ್ಶನಕ್ಕೆ ಕಾಮಿಕ್ ಸಾನ್ಸನ್ನೇ ಬಳಸಬೇಕೆಂಬ ಅಪ್ಪಣೆಯಾಗಿತ್ತು. ಬೇಸತ್ತ ಅವರು ‘ಕಾಮಿಕ್ ಸಾನ್ಸ್ ನಿಷೇಧಿಸಿ’ ಅನ್ನುವ ಚಳವಳಿಯನ್ನೇ ಹುಟ್ಟುಹಾಕಿದರು. ಸ್ಟಿಕ್ಕರ್, ಅಂಗಿ, ಘೋಷಣೆ ಎಲ್ಲ ಬಂದವು. ಅರ್ಧ ತಮಾಷೆಯಾಗಿ ಶುರುವಾದದ್ದು, ಆಮೇಲೆ ಈ ಅಕ್ಷರವನ್ನು ಹಳಿಯುವುದೇ ವಿನ್ಯಾಸ ತಿಳಿದವನ ಗುರುತು ಅನ್ನುವಂತಾಯಿತು. ಮಕ್ಕಳ ಪ್ರದರ್ಶನಕ್ಕೆ ಅದು ಅಷ್ಟೇನೂ ತಪ್ಪು ಆಯ್ಕೆ ಆಗಿರಲಿಕ್ಕಿಲ್ಲ ಅಂತ ನನ್ನ ಗುಮಾನಿ. ಅವರ ಸಿಟ್ಟಿಗೆ ಅಕ್ಷರಕ್ಕಿಂತ ಅಪ್ಪಣೆಯೇ ಹೆಚ್ಚು ಕಾರಣವಿರಬೇಕು.

ಬಳಕೆ ಎಲ್ಲಿ ಕೆಟ್ಟಿತು, ಎಲ್ಲಿ ಕೆಡಲಿಲ್ಲ ಅಂತ ತೂಗಲು ಎರಡು ಹೆಸರಾಂತ ಸಂದರ್ಭ ಸಾಕು.

2010ರ ಜುಲೈ 8ರಂದು ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಕ್ಲೀವ್‌ಲ್ಯಾಂಡ್ ತಂಡ ಬಿಟ್ಟು ಮಯಾಮಿ ಸೇರುವುದಾಗಿ ಪ್ರಕಟಿಸಿದರು. ಅದೇ ರಾತ್ರಿ ತಂಡದ ಮಾಲೀಕ ಡ್ಯಾನ್ ಗಿಲ್ಬರ್ಟ್ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದರು. ದ್ರೋಹ, ಹೇಡಿತನ ಅಂತೆಲ್ಲ ಕೆಂಡ ಕಾರಿದ ಪತ್ರ. ಅದು ಪ್ರಕಟವಾದದ್ದು ಕಾಮಿಕ್ ಸಾನ್ಸ್‌ನಲ್ಲಿ. ಮಾರನೆಯ ದಿನ ಜನ ಪತ್ರದ ಒಳಗಿನ ಕೋಪದಷ್ಟೇ ಅದರ ಅಕ್ಷರದ ಬಗ್ಗೆಯೂ ಮಾತಾಡಿದರು. ಇಲ್ಲಿ ಪೆಟ್ಟು ನಿಜವಾಗಿ ಬಿತ್ತು. ಮಾಲೀಕನ ಸಿಟ್ಟು ಮಗುವಿನ ರಚ್ಚೆಯಾಗಿ ಕೇಳಿಸಿತು.

2012ರ ಜುಲೈ 4. ಜಿನೀವಾ ಪಕ್ಕದ ಸರ್ನ್ ಕಣವಿಜ್ಞಾನ ಪ್ರಯೋಗಾಲಯದ ಸಭಾಂಗಣ. ಅಟ್ಲಾಸ್ ಪ್ರಯೋಗದ ವಕ್ತಾರೆ ಫಬಿಯೋಲಾ ಜನೊಟ್ಟಿ ವೇದಿಕೆಯ ಮೇಲಿದ್ದಾರೆ. ಸುಮಾರು 126 ಜಿಇವಿ (ಕಣಗಳ ದ್ರವ್ಯರಾಶಿಯ ಅಳತೆ) ಹತ್ತಿರ ಹೊಸ ಕಣವೊಂದರ ಗುರುತು, 5 ಸಿಗ್ಮಾ ಖಾತರಿಯೊಂದಿಗೆ, ಅಂದರೆ ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ತೀರಾ ಕಡಿಮೆ. ಹಿಗ್ಸ್ ಬೋಸಾನ್ ಸಿಕ್ಕಿತು ಅಂತ ಜಗತ್ತು ತಿಳಿದ ಗಳಿಗೆ. ಈ ಕಣ ಇರಬೇಕೆಂದು ದಶಕಗಳ ಹಿಂದೆಯೇ ಹೇಳಿದ್ದ ಪೀಟರ್ ಹಿಗ್ಸ್ ಸಭೆಯಲ್ಲೇ ಕೂತಿದ್ದರು. ಜನೊಟ್ಟಿ ಅವರ ಸ್ಲೈಡ್‌ಗಳು ಕಾಮಿಕ್ ಸಾನ್ಸ್‌ನಲ್ಲಿದ್ದವು, ಬಣ್ಣಬಣ್ಣದ ಚೌಕಗಳ ಜೊತೆ. ಟ್ವಿಟರ್‌ನಲ್ಲಿ ಹಿಗ್ಸ್ ಜೊತೆ ಫಾಂಟಿನ ಹೆಸರೂ ಓಡಿತು. ಎರಡು ವರ್ಷದ ಮೇಲೆ ಏಪ್ರಿಲ್ 1ರಂದು ಸರ್ನ್ ಸಂಸ್ಥೆಯೇ, ಇನ್ನು ಮುಂದೆ ನಮ್ಮ ಜಾಲತಾಣವೆಲ್ಲ ಕಾಮಿಕ್ ಸಾನ್ಸ್‌ನಲ್ಲಿ ಅಂತ ಪ್ರಕಟಿಸಿ ನಕ್ಕಿತು.

ಇವೆರಡನ್ನೂ ಒಂದೇ ತಪ್ಪಿನ ಎರಡು ಉದಾಹರಣೆ ಎಂಬಂತೆ ಹೇಳುವುದು ವಾಡಿಕೆ. ನನಗೆ ಹಾಗೆ ಕಾಣುವುದಿಲ್ಲ. ಕೈಬರಹದಂತಿರುವ ಯಾವುದೇ ಫಾಂಟ್ ಓದುವವನಿಗೆ ಮೊದಲು ತಿಳಿಸುವುದು ‘ಒಬ್ಬರು ನಿನ್ನ ಜೊತೆ ಮಾತಾಡುತ್ತಿದ್ದಾರೆ’ ಅನ್ನುವುದನ್ನು. ಹಾಗಾಗಿ ಮಾತಾಡುವವರು ಕಣ್ಣೆದುರು ಇದ್ದರೆ ಅದು ಒಪ್ಪುತ್ತದೆ. ನಾಯಿಯ ಗುಳ್ಳೆಗೆ ಅದು ಒಪ್ಪುತ್ತಿತ್ತು. ಜನೊಟ್ಟಿ ವೇದಿಕೆಯ ಮೇಲೆ ನಿಂತು ತಮ್ಮವರಿಗೆ ತಮ್ಮ ಕೆಲಸ ವಿವರಿಸುತ್ತಿದ್ದರು. ಸ್ಲೈಡು ಅವರ ಮಾತಿನ ಟಿಪ್ಪಣಿ. ಐದರ ಅಂಕಿಯನ್ನು ಯಾರೂ ತಪ್ಪಾಗಿ ಓದಲಿಲ್ಲ. ಆ ಸ್ಲೈಡ್‌ಗಳ ನಿಜವಾದ ಕಷ್ಟ ಇಕ್ಕಟ್ಟು: ಒಂದೊಂದರಲ್ಲೂ ಹಿಡಿಸಲಾರದಷ್ಟು ವಿಷಯ. ಹೆಲ್ವೆಟಿಕಾದಂಥ ಗಂಭೀರ ಅಕ್ಷರ ಹಾಕಿದ್ದರೂ ಇಕ್ಕಟ್ಟು ಇಕ್ಕಟ್ಟೇ. ಆದರೆ ಯಾರೂ ಅದನ್ನು ಗೇಲಿ ಮಾಡಲಿಲ್ಲ, ಯಾಕೆಂದರೆ ಅದಕ್ಕೊಂದು ಹೆಸರಿಲ್ಲ. ಗಿಲ್ಬರ್ಟ್ ಅವರ ಪತ್ರ ಹೊರಟದ್ದು ಒಂದು ಸಂಸ್ಥೆಯ ಜಾಲತಾಣದಿಂದ, ಸಂಸ್ಥೆಯ ಯಜಮಾನನ ಹೆಸರಲ್ಲಿ. ಅಲ್ಲಿ ಗೆಳೆಯನ ದನಿ ಬಂದರೆ ಯಾರೂ ನಂಬುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟ್‌ಗಳ ನೋಟಿಸ್ ಬೋರ್ಡಿನಲ್ಲೂ ಇದನ್ನು ನೋಡಬಹುದು. ‘10ನೇ ತಾರೀಖಿನೊಳಗೆ ಮೇಂಟೆನೆನ್ಸ್ ಕಟ್ಟದಿದ್ದರೆ ನೀರು ನಿಲ್ಲಿಸಲಾಗುವುದು’ ಅನ್ನುವ ಮಾತಿನ ಇಂಗ್ಲಿಷ್ ರೂಪ ಕಾಮಿಕ್ ಸಾನ್ಸ್‌ನಲ್ಲಿ ಇರುತ್ತದೆ. ಹಾಕಿದ ಕಾರ್ಯದರ್ಶಿಗೆ ಅಭಿರುಚಿ ಇಲ್ಲ ಅಂತಲ್ಲ. ಗದರಿಕೆ ಸ್ವಲ್ಪ ಮೆತ್ತಗಾಗಲಿ ಅಂತ ಬೇಕೆಂದೇ ಹಾಕಿರುತ್ತಾರೆ. ಓದುವವರಿಗೆ ಅದು ಹಲ್ಲು ಕಿಸಿಯುತ್ತ ಗದರಿದಂತೆ ಕಾಣುತ್ತದೆ. ಅದೇ ಅಕ್ಷರದಲ್ಲಿ ‘ಶನಿವಾರ ಸಂಜೆ ಮಕ್ಕಳ ಚಿತ್ರಸ್ಪರ್ಧೆ, ಬಣ್ಣದ ಪೆನ್ಸಿಲ್ ನೀವೇ ತನ್ನಿ’ ಅಂತಿದ್ದರೆ ಏನೂ ಅನಿಸುವುದಿಲ್ಲ.

ಓದಲು ಕಷ್ಟಪಡುವ ಮಕ್ಕಳಿಗೆ ಈ ಅಕ್ಷರ ಒಳ್ಳೆಯದೆಂಬ ಮಾತೂ ಇದೆ. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ತನ್ನ ಮಾರ್ಗಸೂಚಿಯಲ್ಲಿ ಏರಿಯಲ್, ವರ್ಡಾನಾ ಜೊತೆಗೆ ಕಾಮಿಕ್ ಸಾನ್ಸನ್ನೂ ಹೆಸರಿಸಿದೆ. ಗಾತ್ರ 12ರಿಂದ 14 ಪಾಯಿಂಟ್ ಇರಲಿ ಅನ್ನುತ್ತದೆ. ಇದನ್ನು ಔಷಧಿಯಂತೆ ತೆಗೆದುಕೊಳ್ಳಬಾರದು. 2012ರಲ್ಲಿ ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಅಕ್ಷರಗಳ ನಡುವಿನ ತೆರವು ಹೆಚ್ಚಿಸಿದಾಗ ಡಿಸ್ಲೆಕ್ಸಿಯಾ ಇರುವವರ ಓದು ಸುಧಾರಿಸಿತು. ಕಾಮಿಕ್ ಸಾನ್ಸ್ ಹೇಗೂ ಸಡಿಲವಾಗಿ ಕೂರುವ ಅಕ್ಷರ. ಅದರಿಂದ ಸಿಗುವ ಲಾಭದಲ್ಲಿ ಎಷ್ಟು ಪಾಲು ಆಕಾರದ್ದು, ಎಷ್ಟು ಪಾಲು ತೆರವಿನದು ಅಂತ ಬಿಡಿಸಿ ನೋಡಬೇಕು. ಇನ್ನೊಂದು ಕಥೆಯೂ ಚಾಲ್ತಿಯಲ್ಲಿದೆ: ಕೆಟ್ಟ ಫಾಂಟ್‌ನಲ್ಲಿ ಓದಿದ್ದು ಚೆನ್ನಾಗಿ ನೆನಪಿರುತ್ತದಂತೆ. ಅದಕ್ಕೆ ಮೂಲ 2011ರ ಒಂದು ಪ್ರಯೋಗ. 28 ಜನರಿಗೆ ಕಾಲ್ಪನಿಕ ಜೀವಿಗಳ ವಿವರ ಕೊಟ್ಟು 15 ನಿಮಿಷದ ಮೇಲೆ ಕೇಳಿದಾಗ, ಬೂದು ಬಣ್ಣದ ಕಾಮಿಕ್ ಸಾನ್ಸ್ ಅಥವಾ ಬೊಡೊನಿಯಲ್ಲಿ ಓದಿದವರು ನೂರಕ್ಕೆ 86.5ರಷ್ಟು ಸರಿ ಹೇಳಿದರು, ಕಪ್ಪು ಏರಿಯಲ್‌ನಲ್ಲಿ ಓದಿದವರು 72.8ರಷ್ಟು. ಬಣ್ಣ ಬೇರೆ, ಅಕ್ಷರ ಬೇರೆ, ಜನ ಮೂವತ್ತೂ ಇಲ್ಲ. ಆಮೇಲೆ ಬೇರೆಯವರು ಇಂಥವೇ ಪ್ರಯೋಗ ಮಾಡಿದಾಗ ಫಲಿತಾಂಶ ಗಟ್ಟಿಯಾಗಿ ನಿಲ್ಲಲಿಲ್ಲ. ಪರೀಕ್ಷೆಗೆ ಮುನ್ನ ನೋಟ್ಸಿನ ಫಾಂಟ್ ಬದಲಿಸುತ್ತ ಕೂರುವವರು ಆ ಹೊತ್ತಿಗೆ ಒಂದು ಪಾಠ ಓದಿಕೊಳ್ಳಲಿ.

ಕನ್ನಡದ ವಿಷಯಕ್ಕೆ ಬಂದರೆ ಪ್ರಕರಣ ಬೇರೆ ತಿರುವು ಪಡೆಯುತ್ತದೆ. ಕಾಮಿಕ್ ಸಾನ್ಸ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ವರ್ಡ್‌ನಲ್ಲಿ ಯೂನಿಕೋಡ್ ಕನ್ನಡ ಬರೆದು, ಎಲ್ಲ ಆಯ್ದು ಈ ಫಾಂಟ್ ಒತ್ತಿದರೆ ಇಂಗ್ಲಿಷ್ ಮಾತ್ರ ಕುಣಿಯುತ್ತದೆ, ಕನ್ನಡ ವಿಂಡೋಸ್‌ನದೇ ಫಾಂಟ್‌ಗಳಾದ ತುಂಗಾದಲ್ಲೋ ನಿರ್ಮಲಾದಲ್ಲೋ ನೆಟ್ಟಗೆ ನಿಂತಿರುತ್ತದೆ. ಎರಡು ಭಾಷೆಯ ಶಾಲಾ ವಾರ್ಷಿಕೋತ್ಸವದ ಕರೆಯೋಲೆಗಳಲ್ಲಿ ಒಂದು ಅರ್ಧ ಆಡುತ್ತ, ಇನ್ನೊಂದು ಅರ್ಧ ಅಟೆನ್ಷನ್‌ನಲ್ಲಿ ನಿಂತಂತೆ ಕಾಣುವುದಕ್ಕೆ ಇದೇ ಕಾರಣ.

ಹಳೆಯ ನುಡಿ ಫಾಂಟಿನ ಕಡತವಾದರೆ ಇನ್ನೂ ಫಜೀತಿ. ಅಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲೇ ಕೂರಿಸಿರುತ್ತಾರೆ. ಫಾಂಟ್ ಬದಲಿಸಿದ ತಕ್ಷಣ ವೇಷ ಕಳಚುತ್ತದೆ. ‘ಕನ್ನಡ’ ಅಂತ ಇದ್ದ ಜಾಗದಲ್ಲಿ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ನೋಟಿನ ಚಿಹ್ನೆ, ಒಂದು ಜರ್ಮನ್ ಅಕ್ಷರ, ಎಲ್ಲ ಕಾಮಿಕ್ ಸಾನ್ಸ್‌ನ ದುಂಡು ಗೆರೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಈ ದೃಶ್ಯ ಹೊಸದಲ್ಲ.

ಹಾಗಾದರೆ ಕನ್ನಡಕ್ಕೊಂದು ಕೈಬರಹದ ಫಾಂಟ್ ಬೇಡವೇ? ಬೇಕು, ಇವೆ ಕೂಡ. ಅರವಿಂದ ವಿ.ಕೆ. ಅವರ ನವಿಲು ಕೈಬರಹದ ಧಾಟಿಯದೇ. ಮುಕ್ತ ತಂತ್ರಾಂಶ, ಲಿನಕ್ಸ್ ಭಂಡಾರಗಳಲ್ಲೇ ಸಿಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಏಕ್ ಟೈಪ್ ತಂಡದ ಬಲೂ ತಮ್ಮ ಇದೆ, ಗುಂಡಗೆ ದಪ್ಪಗೆ, ತಲೆಬರಹಕ್ಕೆ ಹೇಳಿ ಮಾಡಿಸಿದ್ದು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ಅಕಾಯ ಕನಡಕ ಇನ್ನಷ್ಟು ಸ್ವತಂತ್ರವಾಗಿ ನಡೆಯುವ ಅಕ್ಷರ, ಜೊತೆಗೆ ಅದೇ ಸ್ವಭಾವದ ಇಂಗ್ಲಿಷ್ ಕೂಡ ಅದರೊಳಗೇ ಇದೆ. ಎರಡು ಭಾಷೆಯ ಕರೆಯೋಲೆಯ ಮೇಲಿನ ರಗಳೆಗೆ ಇದೇ ಸುಲಭದ ಪರಿಹಾರ.

ಆದರೆ ಕನ್ನಡದಲ್ಲಿ ಈ ಕೆಲಸ ಒಂದೆರಡು ಪಟ್ಟು ಕಠಿಣ. ಇಂಗ್ಲಿಷಿಗೆ ದೊಡ್ಡವು 26, ಸಣ್ಣವು 26 ಸಾಕು. ನಮ್ಮ 34 ವ್ಯಂಜನಗಳಿಗೆ ತಲೆಕಟ್ಟು, ಗುಡಿಸು, ಕೊಂಬು ಸೇರಬೇಕು, ಪ್ರತಿಯೊಂದಕ್ಕೂ ಒತ್ತಿನ ರೂಪ ಬೇರೆ ಬೇಕು. ದ, ಧ, ಥ ಮೂರಕ್ಕೂ ಮೈ ಒಂದೇ, ಸಣ್ಣ ಗುರುತುಗಳಷ್ಟೇ ಬೇರೆ. ಪ, ಫ, ಷ ಕೂಡ ಹಾಗೆಯೇ. ಮಾರ್ಕರ್ ಪೆನ್ನಿನ ಒಂದೇ ದಪ್ಪದ ಗೆರೆಯಲ್ಲಿ ಇವನ್ನು ಬರೆದರೆ ಸಣ್ಣ ಗಾತ್ರದಲ್ಲಿ ಒಳಗಿನ ತೆರವು ಮುಚ್ಚಿಹೋಗುತ್ತದೆ. ಕಾಮಿಕ್ ಸಾನ್ಸ್‌ನಲ್ಲಿ ಗಂಟು ಕಣ್ಣಿಗೆ ಚುಚ್ಚುತ್ತದೆ ಅಷ್ಟೇ. ಇಲ್ಲಿ ‘ಧನ’ ಹೋಗಿ ‘ದನ’ ಆಗುತ್ತದೆ.

ಕೈಬರಹದ ಭ್ರಮೆ ಒಡೆಯುವ ಇನ್ನೊಂದು ಜಾಗ ಪುನರಾವರ್ತನೆ. ಮನುಷ್ಯನ ಕೈಯಲ್ಲಿ ಒಂದೇ ಸಾಲಿನ ನಾಲ್ಕು ‘ನ’ ನಾಲ್ಕು ಥರ ಇರುತ್ತವೆ. ಫಾಂಟಿನಲ್ಲಿ ನಾಲ್ಕೂ ಅಚ್ಚೊತ್ತಿದಂತೆ ಒಂದೇ. ಓಪನ್‌ಟೈಪ್ ತಂತ್ರದಲ್ಲಿ ಒಂದು ಅಕ್ಷರಕ್ಕೆ ಎರಡು ಮೂರು ರೂಪ ಇಟ್ಟು, ಸರದಿಯಂತೆ ಬದಲಾಗುವ ಹಾಗೆ ಮಾಡಬಹುದು. ಇಂಗ್ಲಿಷಿನಲ್ಲಿ ಇದು ಸಾಮಾನ್ಯ. ಕನ್ನಡದಲ್ಲಿ ಪ್ರತಿ ಹೊಸ ರೂಪಕ್ಕೂ ಕಾಗುಣಿತ ಮತ್ತು ಒತ್ತು ಹೊಂದಿಸಬೇಕಾದ್ದರಿಂದ ದುಡಿಮೆ ಬೆಟ್ಟವಾಗುತ್ತದೆ. ಅಂಗಡಿ ಬೋರ್ಡ್ ಬರೆಯುವ ಪೇಂಟರ್ ಕುಂಚ ಎತ್ತದೆ ಮಾಡುವ ಕೆಲಸ ಇದು.

ಇಂಥ ಫಾಂಟ್ ಆರಿಸುವಾಗ ‘ಅ ಆ ಇ ಈ’ ನೋಡಿ ಮರುಳಾಗಬೇಡಿ, ಅದು ಎಲ್ಲ ಫಾಂಟಿನಲ್ಲೂ ಚೆಂದವೇ. ‘ರಾಷ್ಟ್ರ’, ‘ಸ್ತ್ರೀ’, ‘ಕೃಷ್ಣ’, ‘ಜ್ಞಾನ’, ‘ಅರ್ಧ’ ಇಷ್ಟನ್ನು ಟೈಪ್ ಮಾಡಿ. ಎರಡು ಒತ್ತು ಬಂದ ಕಡೆ ಅವು ಒಂದರ ಮೇಲೊಂದು ಬೀಳುತ್ತವೆಯೋ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ತಗಲುತ್ತದೆಯೋ ನೋಡಿ. ಆಮೇಲೆ ಇದೇ ಪದಗಳನ್ನು ಎರಡು ಸಾಲಿನಲ್ಲಿ ಹಾಕಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆದರೆ ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗೆ ಏರಿಸಿ. ಕೊನೆಗೆ ಒಂದು ಪ್ರತಿ ನಿಜವಾದ ಗಾತ್ರದಲ್ಲಿ ಅಚ್ಚು ಹಾಕಿ, ಅದು ಅಂಟುವ ಗೋಡೆಯ ಮೇಲೇ ಹಿಡಿದು ನೋಡಿ. ಪರದೆಯ ಮೇಲೆ ದೊಡ್ಡದು ಮಾಡಿ ಒಪ್ಪಿಕೊಂಡ ‘ಥ’ ಮೂರು ಅಡಿ ದೂರದಿಂದ ‘ಧ’ ಆಗಿ ಕಂಡರೆ, ಆ ಸಾಲಿನ ಮಟ್ಟಿಗೆ ಸಾದಾ ಫಾಂಟಿಗೆ ಮರಳಿ.